ಮೊಬೈಲ್ ಕೋರ್ ಜಾಲದ ಪ್ರಾಕ್ಸಿಗಳಿಗೆ ಸ್ವಯಂಚಾಲಿತ ಸೇವಾ ನೋಂದಣಿ: ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ಪಟ್ಟಣಗಳು ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಒಂದರ ನಂತರ ಒಂದರಂತೆ ನೆಲೆಗೊಂಡಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು ಭಾಗದ ರೈತರಿಗೂ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಕಾರ್ಮಿಕರಿಗೂ, ಮಸ್ಕಿಯ ವರ್ತಕರಿಗೂ ಮೊಬೈಲ್ ದೂರವಾಣಿಯು ಇಂದು ಕೇವಲ ಮಾತನಾಡುವ ಸಾಧನವಾಗಿ ಉಳಿದಿಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲಿ ಬೆರಳಚ್ಚು ನೀಡಿ ಪಡಿತರ ಪಡೆಯುವುದು, ಬ್ಯಾಂಕಿನಿಂದ ಬರುವ ಒಟಿಪಿ, ಅಂಗಡಿಯಲ್ಲಿ ಹಣ ಪಾವತಿ, 108 ಆಂಬುಲೆನ್ಸ್ ಹಾಗೂ 112 ತುರ್ತು ಸೇವೆಗೆ ಕರೆ ಇವೆಲ್ಲವೂ ಮೊಬೈಲ್ ಜಾಲವನ್ನು ಅವಲಂಬಿಸಿವೆ.

ಆದರೆ ಕೆಲವೊಮ್ಮೆ ಫೋನಿನ ಪರದೆಯ ಮೇಲೆ ಸಿಗ್ನಲ್ ಪೂರ್ಣವಾಗಿ ಕಾಣುತ್ತಿದ್ದರೂ ಕರೆ ಹೋಗುವುದಿಲ್ಲ, ಒಟಿಪಿ ಬರುವುದಿಲ್ಲ. ಇಂತಹ ಸಂದರ್ಭಗಳಲ್ಲಿ ದೋಷವು ಊರಿನ ಟವರಿನಲ್ಲಿಯೇ ಇರಬೇಕೆಂದಿಲ್ಲ. ಟವರಿನ ಹಿಂದೆ ಕೆಲಸ ಮಾಡುವ ‘ಕೋರ್ ಜಾಲ’ದ ಘಟಕಗಳು ಪರಸ್ಪರರ ಸರಿಯಾದ ವಿಳಾಸವನ್ನು ತಿಳಿದಿರದಿದ್ದರೂ ಹೀಗಾಗಬಹುದು. ಈ ವಿಳಾಸಗಳನ್ನು ಸದಾ ಸರಿಯಾಗಿ ಇರಿಸಿಕೊಳ್ಳಲು ರೂಪಿಸಲಾಗಿರುವ ವ್ಯವಸ್ಥೆಯೇ ‘ಸ್ವಯಂಚಾಲಿತ ಸೇವಾ ನೋಂದಣಿ’. ಸದರಿ ವ್ಯವಸ್ಥೆಯ ಬಗ್ಗೆ ಸಾರ್ವಜನಿಕರಿಗೆ ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

2. ಟವರ್ ಮತ್ತು ಕೋರ್ ಜಾಲ

ಮೊಬೈಲ್ ಜಾಲವನ್ನು ಸ್ಥೂಲವಾಗಿ ಎರಡು ಭಾಗಗಳಾಗಿ ವಿಂಗಡಿಸಬಹುದು.

ಅ) ರೇಡಿಯೋ ಜಾಲ: ಊರೂರುಗಳಲ್ಲಿ ಕಾಣುವ ಟವರುಗಳು, ಅವುಗಳ ಮೇಲಿನ ಆಂಟೆನಾಗಳು ಮತ್ತು ಸಂಬಂಧಿತ ಉಪಕರಣಗಳು ಈ ಭಾಗಕ್ಕೆ ಸೇರುತ್ತವೆ. ಫೋನು ಮತ್ತು ಜಾಲದ ನಡುವಿನ ನಿಸ್ತಂತು ಸಂಪರ್ಕ ಇಲ್ಲಿ ನಡೆಯುತ್ತದೆ.

ಆ) ಕೋರ್ ಜಾಲ: ಚಂದಾದಾರರು ಯಾರು, ಅವರ ಸಿಮ್ ಅಸಲಿಯೇ, ಅವರು ಯಾವ ಯೋಜನೆಯಲ್ಲಿದ್ದಾರೆ, ಅವರಿಗೆ ಬಂದ ಕರೆಯನ್ನು ಯಾವ ಟವರಿನ ಕಡೆಗೆ ಕಳುಹಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸುವ ಗಣಕಯಂತ್ರಗಳ ಸಮೂಹ ಇದು. ಈ ಯಂತ್ರಗಳು ಸಾಮಾನ್ಯವಾಗಿ ತಾಲ್ಲೂಕು ಕೇಂದ್ರಗಳಲ್ಲಿ ಇರುವುದಿಲ್ಲ. ದೊಡ್ಡ ನಗರಗಳ ದತ್ತಾಂಶ ಕೇಂದ್ರಗಳಲ್ಲಿ ಇರುತ್ತವೆ.

ಸಿಂಧನೂರಿನಲ್ಲಿ ಬಸ್ಸು ಹತ್ತಿದ ಪ್ರಯಾಣಿಕರೊಬ್ಬರು ಮಸ್ಕಿಯ ಮೂಲಕ ಲಿಂಗಸುಗೂರು ತಲುಪುವಷ್ಟರಲ್ಲಿ ಅವರ ಫೋನು ಹಲವು ಟವರುಗಳನ್ನು ಬದಲಾಯಿಸಿರುತ್ತದೆ. ಆದರೂ ಕರೆ ಕಡಿಯದಿರಲು ಕಾರಣ, ಟವರು ಬದಲಾದ ಸಂಗತಿಯನ್ನು ಕೋರ್ ಜಾಲವು ಆಯಾ ಕ್ಷಣವೇ ತಿಳಿದು ದಾರಿಯನ್ನು ಬದಲಿಸುವುದು. ಆದ್ದರಿಂದ ಒಂದು ಟವರ್ ಕೆಟ್ಟರೆ ಕೆಲವು ಗ್ರಾಮಗಳಿಗೆ ಮಾತ್ರ ತೊಂದರೆಯಾಗುತ್ತದೆ. ಕೋರ್ ಜಾಲದಲ್ಲಿ ದೋಷ ಉಂಟಾದರೆ ಒಂದು ಇಡೀ ಜಿಲ್ಲೆಗೆ ಅಥವಾ ರಾಜ್ಯಕ್ಕೆ ತೊಂದರೆಯಾಗಬಹುದು.

3. ಪ್ರಾಕ್ಸಿ ಎಂದರೇನು?

ಒಬ್ಬರ ಪರವಾಗಿ ಮತ್ತೊಬ್ಬರ ಬಳಿ ಕೋರಿಕೆಯನ್ನು ಕೊಂಡೊಯ್ದು ಉತ್ತರವನ್ನು ತಂದುಕೊಡುವ ಮಧ್ಯವರ್ತಿ ಘಟಕವನ್ನು ಪ್ರಾಕ್ಸಿ ಎಂದು ಕರೆಯಲಾಗುತ್ತದೆ. ಕೋರ್ ಜಾಲದಲ್ಲಿ ಬೇರೆ ಬೇರೆ ಕಾರ್ಯಗಳಿಗೆ ಬೇರೆ ಬೇರೆ ಘಟಕಗಳಿರುತ್ತವೆ. ಫೋನು ಎಲ್ಲಿದೆ ಎಂಬುದನ್ನು ನೋಡಿಕೊಳ್ಳುವುದು ಒಂದು, ಸಿಮ್ ಪರಿಶೀಲಿಸುವುದು ಮತ್ತೊಂದು, ಅಂತರಜಾಲ ಸಂಪರ್ಕ ಕಲ್ಪಿಸುವುದು ಇನ್ನೊಂದು. ಪ್ರತಿಯೊಂದು ಘಟಕವೂ ಉಳಿದೆಲ್ಲ ಘಟಕಗಳೊಡನೆ ನೇರವಾಗಿ ಸಂಪರ್ಕ ಇರಿಸಿಕೊಂಡರೆ ದಾರಿಗಳ ಸಂಖ್ಯೆ ವಿಪರೀತವಾಗಿ ಬೆಳೆಯುತ್ತದೆ. ಇದನ್ನು ತಪ್ಪಿಸಲು ನಡುವೆ ಪ್ರಾಕ್ಸಿಗಳನ್ನು ಇರಿಸಲಾಗುತ್ತದೆ.

ಐದನೇ ತಲೆಮಾರಿನ, ಅಂದರೆ 5ಜಿ ಕೋರ್ ಜಾಲದಲ್ಲಿ ಎರಡು ಮುಖ್ಯ ಪ್ರಾಕ್ಸಿಗಳನ್ನು ಕಾಣಬಹುದು.

(1) ಸೇವಾ ಪ್ರಾಕ್ಸಿ: ಒಂದೇ ಸಂಸ್ಥೆಯ ಜಾಲದೊಳಗೆ ಘಟಕದಿಂದ ಘಟಕಕ್ಕೆ ಸಂದೇಶಗಳನ್ನು ತಲುಪಿಸುತ್ತದೆ. ಯಾವ ಘಟಕದ ಮೇಲೆ ಕೆಲಸದ ಹೊರೆ ಕಡಿಮೆ ಇದೆಯೋ ಅದರ ಕಡೆಗೆ ಕೋರಿಕೆಯನ್ನು ತಿರುಗಿಸುವ ಸಾಮರ್ಥ್ಯವೂ ಇದಕ್ಕೆ ಇರುತ್ತದೆ. ತಂತ್ರಜ್ಞರು ಇದನ್ನು ಎಸ್‌ಸಿಪಿ ಎಂದು ಕರೆಯುತ್ತಾರೆ.

(2) ಗಡಿ ಪ್ರಾಕ್ಸಿ: ಒಂದು ಸಂಸ್ಥೆಯ ಜಾಲ ಮತ್ತು ಮತ್ತೊಂದು ಸಂಸ್ಥೆಯ ಜಾಲದ ನಡುವಿನ ಗಡಿಯಲ್ಲಿ ನಿಂತು ಸಂದೇಶಗಳನ್ನು ಪರಿಶೀಲಿಸಿ ಒಳಬಿಡುತ್ತದೆ. ದುಡಿಮೆಗಾಗಿ ವಿದೇಶಕ್ಕೆ ಹೋದವರು ಇಲ್ಲಿನ ಸಿಮ್ ಅನ್ನೇ ಅಲ್ಲಿನ 5ಜಿ ಜಾಲದಲ್ಲಿ ಬಳಸುವಾಗ ಎರಡೂ ದೇಶಗಳ ಗಡಿ ಪ್ರಾಕ್ಸಿಗಳು ಪರಸ್ಪರ ವ್ಯವಹರಿಸುತ್ತವೆ. ಇದನ್ನು ಎಸ್‌ಇಪಿಪಿ ಎಂದು ಕರೆಯಲಾಗುತ್ತದೆ.

ಮೊಬೈಲ್ ಜಾಲಗಳ ಜಾಗತಿಕ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ಎಂಬ ಒಕ್ಕೂಟವು 2018ರಲ್ಲಿ ಪೂರ್ಣಗೊಳಿಸಿದ 15ನೇ ಆವೃತ್ತಿಯಲ್ಲಿ ಗಡಿ ಪ್ರಾಕ್ಸಿಯನ್ನೂ, 2020ರಲ್ಲಿ ಪೂರ್ಣಗೊಳಿಸಿದ 16ನೇ ಆವೃತ್ತಿಯಲ್ಲಿ ಸೇವಾ ಪ್ರಾಕ್ಸಿಯನ್ನೂ ಸೇರಿಸಿತು.

4. ಹಿಂದಿನ ಪದ್ಧತಿ

ಸ್ಥಿರ ದೂರವಾಣಿಯ ಕಾಲದಲ್ಲಿ ವಿಳಾಸವೆಂದರೆ ಎಸ್‌ಟಿಡಿ ಸಂಕೇತವೇ ಆಗಿತ್ತು. ಸಿಂಧನೂರಿಗೆ 08535, ಲಿಂಗಸುಗೂರಿಗೆ 08537 ಎಂಬ ಸಂಕೇತಗಳು ನಿಗದಿಯಾಗಿದ್ದವು. ಯಾವ ಸಂಕೇತ ಬಂದರೆ ಕರೆಯನ್ನು ಯಾವ ದಾರಿಯಲ್ಲಿ ಕಳುಹಿಸಬೇಕು ಎಂಬ ಪಟ್ಟಿಯನ್ನು ಪ್ರತಿಯೊಂದು ವಿನಿಮಯ ಕೇಂದ್ರದಲ್ಲಿಯೂ ಸಿಬ್ಬಂದಿಯೇ ದಾಖಲಿಸುತ್ತಿದ್ದರು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಅಭಿವೃದ್ಧಿಪಡಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು 1986ರಲ್ಲಿ ಮೊದಲ ಬಾರಿಗೆ ನಮ್ಮ ರಾಜ್ಯದ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಅದು ಕರೆಗಳನ್ನು ಜೋಡಿಸುವ ಕೆಲಸವನ್ನು ಸ್ವಯಂಚಾಲಿತಗೊಳಿಸಿತು. ಆದರೆ ದಾರಿಗಳ ಪಟ್ಟಿಯನ್ನು ಬದಲಿಸುವ ಕೆಲಸ ಸಿಬ್ಬಂದಿಯ ಕೈಯಲ್ಲಿಯೇ ಉಳಿಯಿತು. ಊರುಗಳು ಸ್ಥಳ ಬದಲಿಸುವುದಿಲ್ಲವಾದ್ದರಿಂದ ಈ ಪದ್ಧತಿಯಿಂದ ಅಂದು ತೊಂದರೆಯಿರಲಿಲ್ಲ.

4ಜಿ ಕೋರ್ ಜಾಲದಲ್ಲಿ ಘಟಕಗಳು ‘ಡಯಾಮೀಟರ್’ ಎಂಬ ಸಂದೇಶ ನಿಯಮವನ್ನು ಬಳಸುತ್ತವೆ. ಇದರಲ್ಲಿ ಎರಡು ನೆರೆಯ ಘಟಕಗಳು ಮೊದಲು ತಮ್ಮ ಸಾಮರ್ಥ್ಯಗಳನ್ನು ಪರಸ್ಪರ ತಿಳಿಸಿಕೊಳ್ಳುತ್ತವೆ. ಬಳಿಕ ನಡುವೆ ಮಾತುಕತೆ ಇಲ್ಲದಿದ್ದಾಗ ‘ಇದ್ದೀಯಾ?’ ಎಂದು ಆಗಾಗ್ಗೆ ಕೇಳಿ ಖಚಿತಪಡಿಸಿಕೊಳ್ಳುತ್ತವೆ. ಈ ವಿಚಾರಣೆಗೆ ಮಾನದಂಡವು ಸೂಚಿಸಿರುವ ಸಾಮಾನ್ಯ ಅವಧಿ 30 ಸೆಕೆಂಡು. ಆದರೆ ಈ ಮಾಹಿತಿ ನೇರ ನೆರೆಹೊರೆಗೆ ಮಾತ್ರ ತಿಳಿಯುತ್ತದೆ. ಹೊಸ ಮಧ್ಯವರ್ತಿ ಘಟಕವನ್ನು ಸೇರಿಸಬೇಕಾದರೆ ಅದರ ವಿಳಾಸವನ್ನು ಬಹುಮಟ್ಟಿಗೆ ಪ್ರತಿಯೊಂದು ನೆರೆಯ ಘಟಕದಲ್ಲಿಯೂ ಸಿಬ್ಬಂದಿಯೇ ದಾಖಲಿಸಬೇಕಾಗುತ್ತದೆ.

ಉದಾಹರಣೆಗೆ, ಒಂದು ಜಾಲದಲ್ಲಿ 40 ಘಟಕಗಳೂ 2 ಪ್ರಾಕ್ಸಿಗಳೂ ಇವೆಯೆಂದು ಭಾವಿಸಿದರೆ 80 ನಮೂದುಗಳು ಬೇಕಾಗುತ್ತವೆ. ಮೂರನೆಯ ಪ್ರಾಕ್ಸಿ ಬಂದೊಡನೆ ಇನ್ನೂ 40 ನಮೂದುಗಳನ್ನು ಸೇರಿಸಬೇಕು. ಅವುಗಳಲ್ಲಿ ಒಂದೇ ಒಂದು ತಪ್ಪಿದರೂ ಆ ಘಟಕದ ಮೂಲಕ ಹಾದುಹೋಗುವ ಗ್ರಾಹಕರಿಗೆ ಮಾತ್ರ ತೊಂದರೆ ಕಾಣಿಸಿಕೊಳ್ಳುತ್ತದೆ. ಉಳಿದವರಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಇಂತಹ ದೋಷವನ್ನು ಪತ್ತೆ ಹಚ್ಚುವುದು ಕಷ್ಟಸಾಧ್ಯ.

5. ಹೊಸ ತಾಲ್ಲೂಕು ರಚನೆಯ ನಿದರ್ಶನ

ಈ ಭಾಗದ ಜನರಿಗೆ ವಿಳಾಸ ಬದಲಾವಣೆಯ ಅನುಭವ ಹೊಸದಲ್ಲ. ರಾಜ್ಯ ಸರ್ಕಾರದ 2017–18ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಲಾದ ಹೊಸ ತಾಲ್ಲೂಕುಗಳಲ್ಲಿ ಮಸ್ಕಿಯೂ ಒಂದು. ಲಿಂಗಸುಗೂರು, ಸಿಂಧನೂರು ಮತ್ತು ಮಾನ್ವಿ ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ಈ ತಾಲ್ಲೂಕನ್ನು ರಚಿಸಲಾಯಿತು. ಅಂದಿನಿಂದ ಆಯಾ ಗ್ರಾಮದ ಅರ್ಜಿಗಳು ಹೋಗಬೇಕಾದ ಕಚೇರಿ ಬೇರೆಯಾಯಿತು. ಇಂತಹ ಬದಲಾವಣೆಯ ನಂತರವೂ ಯಾವುದಾದರೂ ಕಡತದಲ್ಲಿ ಹಳೆಯ ತಾಲ್ಲೂಕಿನ ಹೆಸರೇ ಉಳಿದರೆ ಅರ್ಜಿಯು ಹಳೆಯ ಕಚೇರಿಗೆ ಹೋಗಿ ಅಲ್ಲಿಂದ ಹಿಂದಿರುಗಬೇಕಾಗುತ್ತದೆ. ಅರ್ಜಿದಾರನಲ್ಲಿ ತಪ್ಪಿಲ್ಲ, ಹೊಸ ಕಚೇರಿಯಲ್ಲಿಯೂ ತಪ್ಪಿಲ್ಲ. ನಡುವಿನ ವಿಳಾಸ ಪಟ್ಟಿ ಮಾತ್ರ ಹಳೆಯದು.

5ಜಿ ಕೋರ್ ಜಾಲದಲ್ಲಿ ಇಂತಹ ಬದಲಾವಣೆ ವರ್ಷಗಳಿಗೊಮ್ಮೆ ಅಲ್ಲ, ದಿನಕ್ಕೆ ಹಲವು ಬಾರಿ ಸಂಭವಿಸಬಹುದು. ಏಕೆಂದರೆ ಇಲ್ಲಿನ ಘಟಕಗಳು ಬಹುತೇಕ ತಂತ್ರಾಂಶ ರೂಪದಲ್ಲಿರುತ್ತವೆ. ಜಾತ್ರೆ ಅಥವಾ ಹಬ್ಬದ ದಿನ ಬಳಕೆ ಹೆಚ್ಚಾದರೆ ಹೊಸ ಪ್ರಾಕ್ಸಿಯನ್ನು ಕೆಲವೇ ನಿಮಿಷಗಳಲ್ಲಿ ಆರಂಭಿಸಿ, ಬಳಕೆ ಇಳಿದ ನಂತರ ನಿಲ್ಲಿಸಲು ಸಾಧ್ಯ. ಇಷ್ಟು ವೇಗದ ಬದಲಾವಣೆಯನ್ನು ಕೈಬರಹದ ಪಟ್ಟಿಯಲ್ಲಿ ಹಿಡಿದಿಡಲಾಗದು. ಆದಕಾರಣ ಘಟಕವು ತನ್ನ ಇರುವಿಕೆಯನ್ನು ತಾನೇ ತಿಳಿಸುವ ಏರ್ಪಾಡು ಅವಶ್ಯವಾಯಿತು.

6. ನೋಂದಣಿ ನಡೆಯುವ ಕ್ರಮ

5ಜಿ ಕೋರ್ ಜಾಲದಲ್ಲಿ ಎಲ್ಲ ಘಟಕಗಳ ದಾಖಲೆಯನ್ನು ಇರಿಸುವ ಒಂದು ಕೇಂದ್ರ ಘಟಕವಿದೆ. ತಂತ್ರಜ್ಞರು ಇದನ್ನು ಎನ್‌ಆರ್‌ಎಫ್ ಎನ್ನುತ್ತಾರೆ; ಈ ಲೇಖನದಲ್ಲಿ ಇದನ್ನು ‘ನೋಂದಣಿ ಕೇಂದ್ರ’ ಎಂದು ಕರೆಯಲಾಗಿದೆ. ಪ್ರಾಕ್ಸಿಯೊಂದು ಕಾರ್ಯಾರಂಭ ಮಾಡಿದಾಗ ನೋಂದಣಿಯು ಈ ಕೆಳಕಂಡಂತೆ ನಡೆಯುತ್ತದೆ.

(1) ಮೊದಲ ಪರಿಚಯ: ಪ್ರಾಕ್ಸಿಗೆ ನೋಂದಣಿ ಕೇಂದ್ರದ ವಿಳಾಸವೂ ತನ್ನ ಗುರುತನ್ನು ಸಾಬೀತುಪಡಿಸುವ ಡಿಜಿಟಲ್ ಪ್ರಮಾಣಪತ್ರವೂ ಮೊದಲೇ ದೊರೆತಿರಬೇಕು. ಇಷ್ಟನ್ನು ಸೇವಾ ಸಂಸ್ಥೆಯೇ ಒದಗಿಸುತ್ತದೆ. ಅಂದರೆ ‘ಸ್ವಯಂಚಾಲಿತ’ ಎಂಬ ಮಾತಿಗೆ ಮಾನವ ಹೊಣೆಗಾರಿಕೆಯೇ ಇಲ್ಲವೆಂದು ಅರ್ಥವಲ್ಲ.

(2) ವಿವರ ಸಲ್ಲಿಕೆ: ಪ್ರಾಕ್ಸಿಯು ತನ್ನ ವಿವರಗಳನ್ನು ಒಳಗೊಂಡ ನೋಂದಣಿ ಪತ್ರವನ್ನು ನೋಂದಣಿ ಕೇಂದ್ರಕ್ಕೆ ಸಲ್ಲಿಸುತ್ತದೆ.

(3) ಪರಿಶೀಲನೆ ಮತ್ತು ಅಂಗೀಕಾರ: ನೋಂದಣಿ ಕೇಂದ್ರವು ಪತ್ರವನ್ನು ಪರಿಶೀಲಿಸಿ ದಾಖಲಿಸಿಕೊಂಡು ಅಂಗೀಕಾರವನ್ನು ಕಳುಹಿಸುತ್ತದೆ. ಎಷ್ಟು ಸೆಕೆಂಡುಗಳಿಗೊಮ್ಮೆ ಹಾಜರಿ ಹೇಳಬೇಕು ಎಂಬುದನ್ನೂ ಇದೇ ಉತ್ತರದಲ್ಲಿ ತಿಳಿಸುತ್ತದೆ.

(4) ಇತರರಿಗೆ ಸೂಚನೆ: ಇಂತಹ ಪ್ರಾಕ್ಸಿ ಬಂದರೆ ತಿಳಿಸಿ ಎಂದು ಮೊದಲೇ ಕೋರಿಕೊಂಡಿರುವ ಘಟಕಗಳಿಗೆ ನೋಂದಣಿ ಕೇಂದ್ರವು ಸೂಚನೆ ಕಳುಹಿಸುತ್ತದೆ.

(5) ಹುಡುಕಾಟ: ಪ್ರಾಕ್ಸಿಯ ಅಗತ್ಯವಿರುವ ಘಟಕವು ನೋಂದಣಿ ಕೇಂದ್ರವನ್ನು ವಿಚಾರಿಸಿ ಸೂಕ್ತ ಪ್ರಾಕ್ಸಿಗಳ ಪಟ್ಟಿಯನ್ನು ಪಡೆಯುತ್ತದೆ. ಆ ಪಟ್ಟಿ ಎಷ್ಟು ಕಾಲ ಊರ್ಜಿತ ಎಂಬುದನ್ನು ಪಟ್ಟಿಯ ಜೊತೆಯಲ್ಲಿಯೇ ನಮೂದಿಸಲಾಗಿರುತ್ತದೆ.

(6) ನೋಂದಣಿ ರದ್ದತಿ: ಪ್ರಾಕ್ಸಿಯನ್ನು ನಿಲ್ಲಿಸುವ ಮೊದಲು ಅದು ತಾನೇ ತನ್ನ ಹೆಸರನ್ನು ತೆಗೆದುಹಾಕುವಂತೆ ಕೋರುತ್ತದೆ.

16ನೇ ಆವೃತ್ತಿಯ ಪ್ರಕಾರ ಸೇವಾ ಪ್ರಾಕ್ಸಿಯು ಹೀಗೆ ನೋಂದಾಯಿಸಿಕೊಳ್ಳಲು ಅವಕಾಶ ಕಲ್ಪಿಸಲಾಗಿದೆಯೇ ಹೊರತು ಅದನ್ನು ಕಡ್ಡಾಯಗೊಳಿಸಿಲ್ಲ. ಸೇವಾ ಸಂಸ್ಥೆಯು ಬಯಸಿದರೆ ಪ್ರಾಕ್ಸಿಯ ವಿಳಾಸವನ್ನು ಹಳೆಯ ರೀತಿಯಲ್ಲಿ ಪ್ರತಿ ಘಟಕದಲ್ಲಿಯೂ ದಾಖಲಿಸಬಹುದು. ಆದರೆ ಹಾಗೆ ಮಾಡಿದಲ್ಲಿ ನಾಲ್ಕನೆಯ ಭಾಗದಲ್ಲಿ ವಿವರಿಸಿದ ತೊಡಕುಗಳು ಮತ್ತೆ ಬರುತ್ತವೆ.

7. ನೋಂದಣಿ ಪತ್ರದಲ್ಲಿನ ವಿವರಗಳು

ಪ್ರಾಕ್ಸಿಯ ನೋಂದಣಿ ಪತ್ರವು ಮುಖ್ಯವಾಗಿ ಈ ಕೆಳಕಂಡ ಅಂಶಗಳನ್ನು ಒಳಗೊಂಡಿರುತ್ತದೆ.

ಅ) ಗುರುತಿನ ಸಂಖ್ಯೆ: 128 ಬಿಟ್‌ಗಳ, ಇತರ ಯಾವ ಘಟಕಕ್ಕೂ ಇಲ್ಲದ ಸಂಖ್ಯೆ.
ಆ) ಘಟಕದ ಬಗೆ: ಸೇವಾ ಪ್ರಾಕ್ಸಿಯೋ, ಗಡಿ ಪ್ರಾಕ್ಸಿಯೋ ಎಂಬ ವಿವರ.
ಇ) ವಿಳಾಸ: ಜಾಲದೊಳಗಿನ ಹೆಸರು ಅಥವಾ ಐಪಿ ವಿಳಾಸ.
ಈ) ಸ್ಥಿತಿ: ನೋಂದಾಯಿತ, ಅಮಾನತು, ಅಥವಾ ಹುಡುಕಾಟಕ್ಕೆ ಲಭ್ಯವಿಲ್ಲ ಎಂಬಂತಹ ಸ್ಥಿತಿಗಳಲ್ಲಿ ಒಂದು.
ಉ) ಆದ್ಯತೆ ಮತ್ತು ಸಾಮರ್ಥ್ಯ: ಎರಡನ್ನೂ 0ಯಿಂದ 65535ರವರೆಗಿನ ಅಂಕಿಗಳಲ್ಲಿ ಸೂಚಿಸಲಾಗುತ್ತದೆ. ಆದ್ಯತೆಯಲ್ಲಿ ಅಂಕಿ ಚಿಕ್ಕದಿದ್ದಷ್ಟೂ ಸ್ಥಾನ ಮುಂದಿರುತ್ತದೆ.
ಊ) ಹೊರೆ: ಪ್ರಸ್ತುತ ಕೆಲಸದ ಒತ್ತಡ, 0ಯಿಂದ 100ರವರೆಗಿನ ಪ್ರಮಾಣದಲ್ಲಿ.
ಋ) ವ್ಯಾಪ್ತಿ: ಸೇವಾ ಪ್ರಾಕ್ಸಿಯಾಗಿದ್ದಲ್ಲಿ ಅದು ಯಾವ ಘಟಕಗಳ ಗುಂಪಿಗೆ ಸೇವೆ ನೀಡುತ್ತದೆ ಎಂಬ ವಿವರ. ಒಂದು ಪ್ರಾಕ್ಸಿಯು ಒಂದಕ್ಕಿಂತ ಹೆಚ್ಚು ಗುಂಪುಗಳಿಗೆ ಸೇರಿದ್ದು ಅವುಗಳ ನಡುವೆ ಸೇತುವೆಯಾಗಿಯೂ ಕೆಲಸ ಮಾಡಬಹುದು.

ಇವುಗಳಲ್ಲಿ ಗುರುತಿನ ಸಂಖ್ಯೆಯ ಮಹತ್ವವನ್ನು ಮಸ್ಕಿಯ ಶಿಲಾಶಾಸನದಿಂದ ಚೆನ್ನಾಗಿ ತಿಳಿಯಬಹುದು. ಅಲ್ಲಿಯವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ದೊರೆಯನ್ನು ಬಿರುದಿನಿಂದಲೇ ಕರೆಯಲಾಗಿತ್ತು. 1915ರಲ್ಲಿ ಪತ್ತೆಯಾದ ಮಸ್ಕಿಯ ಶಾಸನದಲ್ಲಿ ‘ದೇವಾನಾಂಪಿಯ’ ಎಂಬ ಬಿರುದಿನೊಂದಿಗೆ ಅಶೋಕನೆಂಬ ಹೆಸರೂ ಇದ್ದುದರಿಂದ ಆ ದೊರೆ ಯಾರೆಂಬುದು ಖಚಿತವಾಯಿತು. ಅದೇ ರೀತಿ ‘ಸೇವಾ ಪ್ರಾಕ್ಸಿ’ ಎಂಬುದು ಹಲವು ಘಟಕಗಳಿಗೆ ಅನ್ವಯಿಸುವ ಪದವಿ ಮಾತ್ರ. ಯಾವ ಪ್ರಾಕ್ಸಿ ಎಂಬುದನ್ನು ಗುರುತಿನ ಸಂಖ್ಯೆಯೇ ಖಚಿತಪಡಿಸಬೇಕು.

ಈ ಪತ್ರದಲ್ಲಿ ಯಾವುದೇ ಚಂದಾದಾರರ ಹೆಸರು, ಕರೆಗಳ ವಿವರ ಅಥವಾ ಆಧಾರ್ ಸಂಖ್ಯೆ ಇರುವುದಿಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸಬೇಕು.

8. ಹಾಜರಿ ಸಂದೇಶ

ನೋಂದಣಿ ಒಮ್ಮೆ ಆದರೆ ಸಾಲದು. ನೋಂದಾಯಿತ ಪ್ರಾಕ್ಸಿಯು ನಿಗದಿತ ಅವಧಿಗೊಮ್ಮೆ ತಾನು ಕಾರ್ಯನಿರತವಾಗಿರುವುದನ್ನು ನೋಂದಣಿ ಕೇಂದ್ರಕ್ಕೆ ತಿಳಿಸುತ್ತಿರಬೇಕು. ತಂತ್ರಜ್ಞರು ಹಾರ್ಟ್‌ಬೀಟ್ ಎನ್ನುವ ಇದನ್ನು ‘ಹಾಜರಿ ಸಂದೇಶ’ ಎನ್ನಬಹುದು. ಇದರೊಡನೆ ತನ್ನ ಮೇಲಿನ ಹೊರೆಯನ್ನೂ ತಿಳಿಸಬಹುದು.

ನಿರೀಕ್ಷಿತ ಅವಧಿಯಲ್ಲಿ ಹಾಜರಿ ಬಾರದಿದ್ದರೆ ನೋಂದಣಿ ಕೇಂದ್ರವು ಆ ಪ್ರಾಕ್ಸಿಯ ಸ್ಥಿತಿಯನ್ನು ‘ಅಮಾನತು’ ಎಂದು ಬದಲಾಯಿಸುತ್ತದೆ. ಆ ನಂತರ ಹುಡುಕುವ ಘಟಕಗಳಿಗೆ ಅದರ ಹೆಸರು ದೊರೆಯುವುದಿಲ್ಲ. ಸೂಚನೆ ಕೋರಿದ್ದ ಘಟಕಗಳಿಗೆ ಬದಲಾವಣೆಯನ್ನು ತಿಳಿಸಲಾಗುತ್ತದೆ. ಪ್ರಾಕ್ಸಿಯು ಮರಳಿ ಹಾಜರಿ ನೀಡಿದರೆ ಮತ್ತೆ ನೋಂದಾಯಿತ ಸ್ಥಿತಿಗೆ ಬರುತ್ತದೆ. ದುರಸ್ತಿಗಾಗಿ ನಿಲ್ಲಿಸಬೇಕಾದ ಪ್ರಾಕ್ಸಿಯನ್ನು ಮೊದಲು ‘ಹುಡುಕಾಟಕ್ಕೆ ಲಭ್ಯವಿಲ್ಲ’ ಎಂದು ಗುರುತಿಸಿ, ಕೈಯಲ್ಲಿರುವ ಕೆಲಸ ಮುಗಿದ ನಂತರ ನಿಲ್ಲಿಸುವ ಅವಕಾಶವೂ ಇದೆ.

ಅವಧಿಯನ್ನು ಎಷ್ಟು ಇಡಬೇಕು ಎಂಬುದು ಸೇವಾ ಸಂಸ್ಥೆಯ ತೀರ್ಮಾನ. ಕೇವಲ ತಿಳಿವಳಿಕೆಗಾಗಿ ಒಂದು ಲೆಕ್ಕವನ್ನು ನೋಡಬಹುದು. 30 ಸೆಕೆಂಡಿಗೊಮ್ಮೆ ಹಾಜರಿ, ಎರಡು ಬಾರಿ ತಪ್ಪಿದರೆ ಅಮಾನತು ಎಂದು ಇಟ್ಟುಕೊಂಡರೆ, ಕೆಟ್ಟುಹೋದ ಪ್ರಾಕ್ಸಿಯ ಹೆಸರು ಸುಮಾರು ಒಂದು ನಿಮಿಷದವರೆಗೆ ಪಟ್ಟಿಯಲ್ಲಿ ಉಳಿಯುತ್ತದೆ. ಅವಧಿಯನ್ನು 5 ನಿಮಿಷಕ್ಕೆ ಏರಿಸಿದರೆ ಅದೇ ಹೆಸರು ಸುಮಾರು 10 ನಿಮಿಷ ಉಳಿಯುತ್ತದೆ. ಆ ಹೊತ್ತಿನಲ್ಲಿ ಕೋರಿಕೆಗಳು ಕೆಟ್ಟ ದಾರಿಗೇ ಹೋಗಿ, ಉತ್ತರವಿಲ್ಲದೆ ಕಾದು, ನಂತರ ಬದಲಿ ದಾರಿಯನ್ನು ಹುಡುಕಬೇಕಾಗುತ್ತದೆ. ಅವಧಿಯನ್ನು ಅತಿ ಕಡಿಮೆ ಮಾಡಿದರೆ ಒಂದು ಕ್ಷಣದ ವಿಳಂಬಕ್ಕೂ ಸುಸ್ಥಿತಿಯಲ್ಲಿರುವ ಪ್ರಾಕ್ಸಿಗಳು ಅಮಾನತುಗೊಂಡು, ಉಳಿದವುಗಳ ಮೇಲೆ ಹೊರೆ ಬೀಳುತ್ತದೆ. 108ಕ್ಕೆ ಕರೆ ಮಾಡುತ್ತಿರುವ ಕುಟುಂಬಕ್ಕೆ ಹತ್ತು ನಿಮಿಷ ಎಂಬುದು ಸಣ್ಣ ಅವಧಿಯಲ್ಲ. ಆದ್ದರಿಂದ ಈ ಅಂಕಿಯ ಆಯ್ಕೆ ಕೇವಲ ತಾಂತ್ರಿಕ ವಿಷಯವಾಗಿರುವುದಿಲ್ಲ.

9. ಭದ್ರತೆ

ತಾನೇ ಹೆಸರು ನೋಂದಾಯಿಸಿಕೊಳ್ಳುವ ಅವಕಾಶವಿದ್ದಲ್ಲಿ ಸುಳ್ಳು ಹೆಸರಿನಲ್ಲಿ ನೋಂದಾಯಿಸಿಕೊಳ್ಳುವ ಅಪಾಯವೂ ಇರುತ್ತದೆ. ಪ್ರಾಕ್ಸಿಯ ಮೂಲಕ ಬಹು ಸಂಖ್ಯೆಯ ಸಂದೇಶಗಳು ಹಾದುಹೋಗುವುದರಿಂದ ನಕಲಿ ಪ್ರಾಕ್ಸಿಯಿಂದ ಆಗುವ ಹಾನಿ ದೊಡ್ಡದು. ಇದನ್ನು ತಡೆಯಲು ಈ ಕೆಳಕಂಡ ಕ್ರಮಗಳನ್ನು ಮಾನದಂಡದಲ್ಲಿ ಅಳವಡಿಸಲಾಗಿದೆ.

(1) ಪ್ರಾಕ್ಸಿ ಮತ್ತು ನೋಂದಣಿ ಕೇಂದ್ರ ಎರಡೂ ಟಿಎಲ್‌ಎಸ್ ಎಂಬ ಗೂಢಲಿಪೀಕೃತ ಸಂಪರ್ಕದಲ್ಲಿ ತಮ್ಮ ಪ್ರಮಾಣಪತ್ರಗಳನ್ನು ಪರಸ್ಪರ ತೋರಿಸಬೇಕು.
(2) ಸೇವೆ ಕೋರುವ ಘಟಕವು ನೋಂದಣಿ ಕೇಂದ್ರದಿಂದ ಸಹಿ ಮಾಡಿದ, ಸೀಮಿತ ಅವಧಿಯ ಅನುಮತಿ ಚೀಟಿಯನ್ನು ಪಡೆದು ತೋರಿಸುವ ವ್ಯವಸ್ಥೆಯಿದೆ. ಇದಕ್ಕೆ ಓ-ಆಥ್ 2.0 ಎಂಬ ನಿಯಮವನ್ನು ಬಳಸಲಾಗುತ್ತದೆ.
(3) ಹೊರಗಿನ ಜಾಲಗಳ ಸಂದೇಶಗಳು ಗಡಿ ಪ್ರಾಕ್ಸಿಯ ಮೂಲಕವೇ ಒಳಬರಬೇಕು.

ಭಾರತದಲ್ಲಿ ದೂರಸಂಪರ್ಕ ಉಪಕರಣಗಳ ಭದ್ರತಾ ಅಗತ್ಯಗಳನ್ನು ನಿಗದಿಪಡಿಸುವ ಸಂವಹನ ಭದ್ರತೆಯ ರಾಷ್ಟ್ರೀಯ ಕೇಂದ್ರವು ಕೇಂದ್ರ ದೂರಸಂಪರ್ಕ ಇಲಾಖೆಯ ಅಧೀನದಲ್ಲಿ ಬೆಂಗಳೂರಿನಲ್ಲಿದೆ. 5ಜಿ ಕೋರ್ ಜಾಲದ ಘಟಕಗಳಿಗೂ ಈ ಕೇಂದ್ರವು ಅಗತ್ಯಗಳ ದಾಖಲೆಗಳನ್ನು ಹೊರಡಿಸಿದೆ.

10. ವೈಫಲ್ಯಗಳಿಂದ ಕಲಿತ ಪಾಠಗಳು

ಸ್ವಯಂಚಾಲಿತ ವ್ಯವಸ್ಥೆಯು ಸರಿಯಾದ ಮಾಹಿತಿಯನ್ನು ಎಷ್ಟು ಬೇಗ ಹರಡುತ್ತದೆಯೋ ತಪ್ಪು ಮಾಹಿತಿಯನ್ನೂ ಅಷ್ಟೇ ಬೇಗ ಹರಡಬಲ್ಲದು. ಕೋರ್ ಜಾಲಗಳ ಎರಡು ಘಟನೆಗಳು ಈ ಸಂಬಂಧ ಗಮನಾರ್ಹವಾಗಿವೆ. ಇವೆರಡೂ ಪ್ರಾಕ್ಸಿ ನೋಂದಣಿಯ ವೈಫಲ್ಯಗಳಲ್ಲವಾದರೂ ಅದೇ ಬಗೆಯ ಅಪಾಯಗಳನ್ನು ತೋರಿಸುತ್ತವೆ.

2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಓ2 ಮತ್ತು ಜಪಾನಿನ ಸಾಫ್ಟ್‌ಬ್ಯಾಂಕ್ ಸಂಸ್ಥೆಗಳ ಜಾಲಗಳಲ್ಲಿ ಸೇವೆ ಸ್ಥಗಿತಗೊಂಡಿತು. ಕೋರ್ ಜಾಲದ ತಂತ್ರಾಂಶದಲ್ಲಿದ್ದ ಒಂದು ಪ್ರಮಾಣಪತ್ರದ ಅವಧಿ ಮುಗಿದಿದ್ದುದೇ ಇದಕ್ಕೆ ಮುಖ್ಯ ಕಾರಣವೆಂದು ಉಪಕರಣ ತಯಾರಕ ಸಂಸ್ಥೆಯಾದ ಎರಿಕ್ಸನ್ ತಿಳಿಸಿತು. ಬ್ರಿಟನ್ನಿನಲ್ಲಿಯೇ ಸುಮಾರು 3.2 ಕೋಟಿ ಬಳಕೆದಾರರು ತೊಂದರೆಗೊಳಗಾದರು. ಟವರುಗಳು ಸುಸ್ಥಿತಿಯಲ್ಲಿಯೇ ಇದ್ದವು.

2022ರ ಜುಲೈ 2ರಂದು ಜಪಾನಿನ ಕೆಡಿಡಿಐ ಸಂಸ್ಥೆಯಲ್ಲಿ ನಿರ್ವಹಣಾ ಕಾರ್ಯದ ವೇಳೆ ಧ್ವನಿ ಕರೆಗಳ ಸಂಚಾರವು ಸ್ವಲ್ಪ ಹೊತ್ತು ಅಡ್ಡಿಗೊಂಡಿತು. ಆ ಅಡ್ಡಿಯನ್ನು ಸರಿಪಡಿಸಿದೊಡನೆ ಫೋನುಗಳೆಲ್ಲ ಒಂದೇ ಸಮನೆ ಮರುನೋಂದಣಿ ಕೋರತೊಡಗಿದ್ದರಿಂದ ದಟ್ಟಣೆ ಉಂಟಾಗಿ, ಚಂದಾದಾರರ ದಾಖಲೆಗಳಲ್ಲಿಯೂ ವ್ಯತ್ಯಾಸಗಳು ಉಂಟಾದವು. ತೊಂದರೆಯು 60 ಗಂಟೆಗಳಿಗೂ ಹೆಚ್ಚು ಕಾಲ ಮುಂದುವರೆಯಿತು. ತುರ್ತು ಕರೆಗಳಿಗೂ ಅಡಚಣೆಯಾಯಿತು.

ಈ ಘಟನೆಗಳ ಹಿನ್ನೆಲೆಯಲ್ಲಿ ಪ್ರಾಕ್ಸಿ ನೋಂದಣಿ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಅಂಶಗಳು ಇಂತಿವೆ.

• ಪ್ರಮಾಣಪತ್ರಗಳ ಅವಧಿ ಮುಗಿಯುವ ಮುನ್ನವೇ ನವೀಕರಣ.
• ನೋಂದಣಿ ಕೇಂದ್ರವೇ ಕೆಟ್ಟರೆ ಕೆಲಸ ನಿಲ್ಲದಂತೆ ಬೇರೊಂದು ಸ್ಥಳದಲ್ಲಿ ಬದಲಿ ಕೇಂದ್ರ.
• ನೋಂದಣಿ ಕೇಂದ್ರದೊಡನೆ ಸಂಪರ್ಕ ತಪ್ಪಿದಾಗ ಘಟಕಗಳು ಮೊದಲು ಪಡೆದ ಪಟ್ಟಿಯಿಂದ ಕೆಲಸ ಮುಂದುವರಿಸುವ ಏರ್ಪಾಡು.
• ಎಲ್ಲ ಘಟಕಗಳೂ ಒಂದೇ ಕ್ಷಣಕ್ಕೆ ಮರುನೋಂದಣಿಗೆ ನುಗ್ಗದಂತೆ ಅಂತರ.
• ಸಾಮರ್ಥ್ಯ, ವ್ಯಾಪ್ತಿ ಮುಂತಾದ ವಿವರಗಳನ್ನು ಜಾಲಕ್ಕೆ ಸೇರಿಸುವ ಮುನ್ನ ಪರಿಶೀಲನೆ.

11. ಭಾರತದಲ್ಲಿ 4ಜಿ ಮತ್ತು 5ಜಿ

ದೇಶದಲ್ಲಿ 5ಜಿ ಸೇವೆಗೆ 2022ರ ಅಕ್ಟೋಬರ್ 1ರಂದು ಚಾಲನೆ ನೀಡಲಾಯಿತು. 5ಜಿ ಜಾಲದಲ್ಲಿ ಎರಡು ವಿಧಗಳಿವೆ. ಮೊದಲನೆಯದರಲ್ಲಿ ಟವರಿನ ಉಪಕರಣ 5ಜಿ ಆಗಿದ್ದರೂ ಕೋರ್ ಜಾಲ 4ಜಿಯದೇ ಆಗಿರುತ್ತದೆ. ಎರಡನೆಯದರಲ್ಲಿ ಕೋರ್ ಜಾಲವೂ 5ಜಿಯದಾಗಿದ್ದು, ಈ ಲೇಖನದಲ್ಲಿ ವಿವರಿಸಿದ ನೋಂದಣಿ ಕೇಂದ್ರವು ಈ ವಿಧದಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಫೋನಿನ ಮೇಲೆ 5ಜಿ ಎಂಬ ಗುರುತು ಕಂಡಮಾತ್ರಕ್ಕೆ ಸ್ವಯಂಚಾಲಿತ ನೋಂದಣಿಯ ಕೋರ್ ಜಾಲ ಬಳಕೆಯಲ್ಲಿದೆ ಎಂದು ತಿಳಿಯಲಾಗದು.

ಭಾರತ ಸಂಚಾರ ನಿಗಮದ ಸ್ವದೇಶಿ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಇದರ ಕೋರ್ ಜಾಲವನ್ನು ಸಿ-ಡಾಟ್, ರೇಡಿಯೋ ಉಪಕರಣಗಳನ್ನು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸಂಸ್ಥೆಗಳು ಒದಗಿಸಿದ್ದು, ಒಟ್ಟುಗೂಡಿಸುವ ಕಾರ್ಯವನ್ನು ಟಿಸಿಎಸ್ ಸಂಸ್ಥೆ ನಿರ್ವಹಿಸಿದೆ. ಈ ಜಾಲವನ್ನು ಮುಂದೆ 5ಜಿಗೆ ಉನ್ನತೀಕರಿಸಬಹುದಾದ ರೀತಿಯಲ್ಲಿ ರೂಪಿಸಲಾಗಿದೆ. ಕಿತ್ತೂರಿನಲ್ಲಿ ಗ್ರಾಮೀಣ ವಿನಿಮಯ ಕೇಂದ್ರದಿಂದ ಆರಂಭಿಸಿದ ಸಂಸ್ಥೆಯೇ ಈಗ ಕೋರ್ ಜಾಲವನ್ನು ನಿರ್ಮಿಸಿರುವುದು ಗಮನಾರ್ಹ.

12. ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಸೇವೆಯಲ್ಲಿ ತೊಂದರೆ ಕಂಡುಬಂದಾಗ ದೋಷವು ಎಲ್ಲಿರಬಹುದು ಎಂಬುದನ್ನು ಸ್ಥೂಲವಾಗಿ ಅಂದಾಜಿಸಬಹುದು.

ಅ) ಸಿಗ್ನಲ್ ಇಲ್ಲ, ಪಕ್ಕದ ಊರಿನಲ್ಲಿ ಇದೆ: ಟವರಿನ ಅಥವಾ ವಿದ್ಯುತ್ ಪೂರೈಕೆಯ ದೋಷವಿರುವ ಸಂಭವ ಹೆಚ್ಚು.
ಆ) ಸಿಗ್ನಲ್ ಇದೆ, ಒಂದೇ ಫೋನಿನಲ್ಲಿ ತೊಂದರೆ: ಫೋನು, ಸಿಮ್ ಅಥವಾ ಯೋಜನೆಯ ಅವಧಿಯನ್ನು ಪರಿಶೀಲಿಸಿಕೊಳ್ಳುವುದು.
ಇ) ಸಿಗ್ನಲ್ ಇದೆ, ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಒಂದೇ ಸಂಸ್ಥೆಯ ಗ್ರಾಹಕರಿಗೆ ಒಂದೇ ಹೊತ್ತಿಗೆ ತೊಂದರೆ: ಕೋರ್ ಜಾಲದ ಅಥವಾ ಅದಕ್ಕೆ ಸಂಪರ್ಕಿಸುವ ಕೇಬಲ್ ಮಾರ್ಗದ ದೋಷವಿರಬಹುದು.

ಫೋನನ್ನು ಒಮ್ಮೆ ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆದರೆ ಅದು ಜಾಲದಲ್ಲಿ ಹೊಸದಾಗಿ ನೋಂದಾಯಿಸಿಕೊಳ್ಳುತ್ತದೆ. ಇದರಿಂದ ಸರಿಹೋಗದಿದ್ದಲ್ಲಿ ಪದೇ ಪದೇ ಹಾಗೆ ಮಾಡುವುದರಿಂದ ಪ್ರಯೋಜನವಿಲ್ಲ. ವ್ಯಾಪಕ ಅಡಚಣೆಯ ವೇಳೆ ಮರುನೋಂದಣಿ ಕೋರಿಕೆಗಳು ದಟ್ಟಣೆಯನ್ನು ಹೆಚ್ಚಿಸುತ್ತವೆ.

ದೂರು ಸಲ್ಲಿಸುವ ಕ್ರಮ:

(1) ಸೇವಾ ಸಂಸ್ಥೆಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿ ದೂರು ದಾಖಲಿಸಿ, ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಸ್ಥಳ, ದಿನಾಂಕ, ವೇಳೆ, ಸಿಗ್ನಲ್ ಇತ್ತೇ ಇಲ್ಲವೇ ಎಂಬುದನ್ನು ತಿಳಿಸುವುದು ಉಪಯುಕ್ತ.
(2) ಪರಿಹಾರ ಸಮಾಧಾನಕರವಾಗಿಲ್ಲದಿದ್ದಲ್ಲಿ, ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಾವಳಿಯಂತೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.
(3) ಕೇಂದ್ರ ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವ್ಯವಸ್ಥೆ ಹಾಗೂ ರಾಯಚೂರಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವನ್ನು ಸಂಪರ್ಕಿಸುವ ಅವಕಾಶವೂ ಇದೆ.

ಸದರಿ ಪ್ರಾಧಿಕಾರವು 2024ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಾವಳಿಯ ಪ್ರಕಾರ, ಜಿಲ್ಲಾ ಮಟ್ಟದಲ್ಲಿ 24 ಗಂಟೆಗಳಿಗಿಂತ ಹೆಚ್ಚು ಕಾಲ ಗಮನಾರ್ಹ ಸೇವಾ ಸ್ಥಗಿತ ಉಂಟಾದಲ್ಲಿ, ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ರಿಯಾಯಿತಿಯನ್ನೂ ಪ್ರೀಪೇಯ್ಡ್ ಗ್ರಾಹಕರಿಗೆ ಅವಧಿ ವಿಸ್ತರಣೆಯನ್ನೂ ನೀಡಬೇಕಾಗಿರುತ್ತದೆ. ನೈಸರ್ಗಿಕ ವಿಕೋಪದ ಸಂದರ್ಭಗಳಿಗೆ ಇದು ಅನ್ವಯಿಸುವುದಿಲ್ಲ.

13. ಆಗಾಗ್ಗೆ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈ ನೋಂದಣಿಗಾಗಿ ಗ್ರಾಹಕರು ಏನಾದರೂ ಮಾಡಬೇಕೇ?
ಉತ್ತರ: ಇಲ್ಲ. ಇದು ಜಾಲದ ಘಟಕಗಳ ನಡುವೆ ನಡೆಯುವ ಪ್ರಕ್ರಿಯೆ. ‘ನಿಮ್ಮ ಸಿಮ್ ಅನ್ನು 5ಜಿ ಜಾಲದಲ್ಲಿ ನೋಂದಾಯಿಸಲು ಒಟಿಪಿ ತಿಳಿಸಿ’ ಎಂದು ಯಾರಾದರೂ ಕರೆ ಮಾಡಿದಲ್ಲಿ ಅದು ವಂಚನೆಯೆಂದು ತಿಳಿದು ಯಾವುದೇ ಮಾಹಿತಿಯನ್ನು ನೀಡಬಾರದು. ಹಣ ಕಳೆದುಕೊಂಡಿದ್ದಲ್ಲಿ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು.

ಪ್ರಶ್ನೆ: ಸಿಮ್ ನೋಂದಣಿಯೂ ಇದೂ ಒಂದೆಯೇ?
ಉತ್ತರ: ಅಲ್ಲ. ಸಿಮ್ ಖರೀದಿಸುವಾಗ ಗ್ರಾಹಕರ ಗುರುತನ್ನು ದಾಖಲಿಸಲಾಗುತ್ತದೆ. ಇಲ್ಲಿ ದಾಖಲಾಗುವುದು ಯಂತ್ರಗಳ ಗುರುತು.

ಪ್ರಶ್ನೆ: ಇದರಿಂದ ನಮ್ಮ ಊರಿನ ಸಿಗ್ನಲ್ ಹೆಚ್ಚಾಗುವುದೇ?
ಉತ್ತರ: ಇಲ್ಲ. ಸಿಗ್ನಲ್ ಬಲವು ಟವರಿನ ದೂರ ಮತ್ತು ಉಪಕರಣಗಳನ್ನು ಅವಲಂಬಿಸಿದೆ. ಸಿಗ್ನಲ್ ಇರುವೆಡೆ ಸೇವೆ ಕಡಿಯದಂತೆ ನೋಡಿಕೊಳ್ಳಲು ಈ ವ್ಯವಸ್ಥೆ ನೆರವಾಗುತ್ತದೆ.

14. ಮುಕ್ತಾಯ

ಮೊಬೈಲ್ ಸೇವೆಯ ಭರವಸೆ ಟವರಿನ ಎತ್ತರದಲ್ಲಿ ಮಾತ್ರ ಇರುವುದಿಲ್ಲ. ಕಣ್ಣಿಗೆ ಕಾಣದ ಕೋರ್ ಜಾಲದಲ್ಲಿ ಪ್ರತಿಯೊಂದು ಪ್ರಾಕ್ಸಿಯೂ ತನ್ನ ನಿಜವಾದ ವಿಳಾಸ ಮತ್ತು ಸ್ಥಿತಿಯನ್ನು ಕಾಲಕಾಲಕ್ಕೆ ತಿಳಿಸುತ್ತಿರಬೇಕು. ಸುಮ್ಮನಾದದ್ದನ್ನು ಪಟ್ಟಿಯಿಂದ ತಕ್ಷಣ ಬದಿಗಿರಿಸಬೇಕು. ಈ ಕೆಲಸ ಸರಿಯಾಗಿ ನಡೆದರೆ ಗ್ರಾಹಕರ ಗಮನಕ್ಕೆ ಬರುವುದಿಲ್ಲ. ನಡೆಯದಿದ್ದರೆ ಪಡಿತರದ ಸಾಲಿನಲ್ಲಿ ನಿಂತವರಿಂದ ಆಂಬುಲೆನ್ಸಿಗಾಗಿ ಕರೆ ಮಾಡುವವರವರೆಗೆ ಎಲ್ಲರಿಗೂ ತಟ್ಟುತ್ತದೆ. ಸಾರ್ವಜನಿಕರು ಮೇಲ್ಕಂಡ ಮಾಹಿತಿಯನ್ನು ಗಮನದಲ್ಲಿಟ್ಟುಕೊಂಡು, ಸೇವೆಯಲ್ಲಿ ತೊಂದರೆಯಾದಾಗ ನಿಖರವಾದ ವಿವರಗಳೊಂದಿಗೆ ದೂರು ದಾಖಲಿಸಿ ಇದರ ಪ್ರಯೋಜನ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.